ಸಂಕಲ್ಪ ಮುರಿದಾಗ ಆರೋಗ್ಯ ಮುರಿಯಬಾರದು

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ಕುಣಿಗಲ್ಲಿನ ನನ್ನ ಚಿಕಿತ್ಸಾಲಯಕ್ಕೆ ಅರವತ್ತು ದಾಟಿದ ತಾಯಿಯೊಬ್ಬರು ಬಂದರು. ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ರಾತ್ರಿ ನಿದ್ರೆ ಬರುತ್ತಿಲ್ಲ, ಊಟ ರುಚಿಸುತ್ತಿಲ್ಲ, ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ಜೋಮು ಹಿಡಿಯುತ್ತವೆ ಎಂದರು. ರಕ್ತದೊತ್ತಡವನ್ನು ಅಳೆದೆ. 168/98 ಇತ್ತು. ಹಲವು ವರ್ಷಗಳಿಂದ ತಪ್ಪದೆ ಮಾತ್ರೆ ಸೇವಿಸಿ ಒತ್ತಡವನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದವರು ಅವರು. ವಿಚಾರಿಸಿದಾಗ, ಮೂರು ವಾರಗಳಿಂದ ಮಾತ್ರೆಯನ್ನೂ ಬಿಟ್ಟಿದ್ದಾರೆ, ಮುಂಜಾನೆಯ ನಡಿಗೆಯನ್ನೂ ಬಿಟ್ಟಿದ್ದಾರೆ ಎಂದು ತಿಳಿಯಿತು. ಕಾರಣ ಕೇಳಿದರೆ ತಲೆ ತಗ್ಗಿಸಿ ಅವರು ಹೇಳಿದ ಮಾತು ಇದು:

“ಸಂಕ್ರಾಂತಿ ದಿವಸ ಪೂಜೆಗೆ ಕೂತು ಮಾತು ಕೊಟ್ಟಿದ್ದೆ ಡಾಕ್ಟ್ರೇ. ಮುರಿದುಬಿಟ್ಟೆ. ಒಂದು ಮಾತು ಉಳಿಸಿಕೊಳ್ಳಲಾರದವಳು ಇನ್ನು ಯಾವ ನಿಯಮ ಪಾಲಿಸಿದರೇನು?”

ಏನೋ ದೊಡ್ಡ ಅನಾಹುತವೇ ನಡೆದಿರಬೇಕೆಂದು ನಾನು ಭಾವಿಸಿದೆ. ನಡೆದದ್ದು ಇಷ್ಟೆ. ಅವರಿಗೆ ಸ್ವೆಟರ್ ಹೆಣೆಯುವ ಹವ್ಯಾಸ. ಪೆಟ್ಟಿಗೆಯಲ್ಲಿ ಅರ್ಧಕ್ಕೆ ನಿಂತ ನಾಲ್ಕು ಹೆಣಿಗೆಗಳಿದ್ದವು: ಯಜಮಾನರಿಗೆಂದು ಬೆನ್ನಿನ ಭಾಗ ಮಾತ್ರ ಮುಗಿಸಿದ ತೋಳಿಲ್ಲದ ಸ್ವೆಟರ್, ಒಂದು ಶಾಲು, ಒಂದು ಮಫ್ಲರ್, ಮತ್ತು ಮಗ ಪಿಯುಸಿ ಓದುತ್ತಿದ್ದಾಗ ಅವನಿಗೆಂದು ತೊಡಗಿದ ತುಂಬುತೋಳಿನ ಸ್ವೆಟರ್. “ಈ ನಾಲ್ಕೂ ಮುಗಿಯುವವರೆಗೆ ಹೊಸ ಉಣ್ಣೆ ತರುವುದಿಲ್ಲ, ಹೊಸ ಹೆಣಿಗೆ ತೊಡಗುವುದಿಲ್ಲ” ಎಂಬುದು ಅವರ ಸಂಕಲ್ಪ. ಒಂಬತ್ತು ತಿಂಗಳು ಅದನ್ನು ಪಾಲಿಸಿದರು. ಮಫ್ಲರ್ ಮುಗಿಯಿತು, ಶಾಲು ಮುಕ್ಕಾಲು ಆಯಿತು. ಅಷ್ಟರಲ್ಲಿ ಸೊಸೆಯ ಸೀಮಂತ ಬಂತು. ಮಾರ್ಗಶಿರದ ಚಳಿಯಲ್ಲಿ ಮಗು ಹುಟ್ಟುತ್ತದೆ ಎಂಬ ಎಣಿಕೆ. ತುಮಕೂರಿಗೆ ಹೋಗಿದ್ದಾಗ ಅಂಗಡಿಯಲ್ಲಿ ತಿಳಿಹಳದಿ ಬಣ್ಣದ ಉಣ್ಣೆಯನ್ನು ಕಂಡರು. ಕೊಂಡರು. ಅದೇ ರಾತ್ರಿ ಕಡ್ಡಿಗೆ ಕುಣಿಕೆ ಹಾಕಿಯೂ ಬಿಟ್ಟರು.

ಈ ವೃತ್ತಾಂತವನ್ನು ಅವರ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಇಲ್ಲಿ ನಿರೂಪಿಸುತ್ತಿದ್ದೇನೆ. ಒಂದು ಪುಟ್ಟ ಸ್ವೆಟರಿನ ವಿಷಯ ಆರೋಗ್ಯ ವಿಭಾಗಕ್ಕೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಸ್ವೆಟರ್ ಆಕೆಗೆ ಯಾವ ಹಾನಿಯನ್ನೂ ಮಾಡಲಿಲ್ಲ. ಸ್ವೆಟರಿನ ಹಿಂದೆಯೇ ಮಾತ್ರೆ ಬಿಟ್ಟುಹೋದದ್ದು ಹಾನಿ ಮಾಡಿತು. ಒಂದು ನಿಯಮ ಮುರಿದಾಗ ಅದರೊಂದಿಗೆ ಸಂಬಂಧವೇ ಇಲ್ಲದ ಉಳಿದ ನಿಯಮಗಳನ್ನೂ ಕೈಬಿಡುವ ಮನಸ್ಸಿನ ಸ್ವಭಾವವೇ ಈ ತಿಂಗಳ ವಿಚಾರ.

ಮೊದಲು ನನ್ನದೇ ಒಂದು ತಪ್ಪು

ಇದರ ಗಾಂಭೀರ್ಯ ನನಗೆ ತಿಳಿದದ್ದು ಗ್ರಂಥದಿಂದಲ್ಲ, ನನ್ನ ತಪ್ಪಿನಿಂದ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹುಲಿಯೂರುದುರ್ಗದ ಕಡೆಯ ರೈತರೊಬ್ಬರು ಮಧುಮೇಹಕ್ಕಾಗಿ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಎಡೆಯೂರಿಗೆ ಹೋದಾಗ ಗದ್ದುಗೆಯ ಮುಂದೆ ನಿಂತು, ಇನ್ನು ಸಿಹಿ ಮುಟ್ಟುವುದಿಲ್ಲ ಎಂದು ಸಂಕಲ್ಪ ಮಾಡಿ ಬಂದಿದ್ದರು. ಐದು ತಿಂಗಳು ಪಾಲಿಸಿದರು. ಯುಗಾದಿಯ ದಿನ ಮನೆಯಲ್ಲಿ ಹೋಳಿಗೆ ತಿಂದರು. ಮರುದಿನ ತಾವಾಗಿಯೇ ಬಂದು ನನಗೆ ಅದನ್ನು ತಿಳಿಸಿದರು. ನಾನು ಹತ್ತು ಜನರ ಎದುರಿಗೆ, “ದೇವರ ಮುಂದೆ ಕೊಟ್ಟ ಮಾತನ್ನೇ ಉಳಿಸಿಕೊಳ್ಳದವರಿಗೆ ನಾನು ಔಷಧ ಕೊಟ್ಟು ಏನು ಪ್ರಯೋಜನ?” ಎಂದು ಗದರಿಸಿದೆ.

ಅವರು ಹದಿನಾಲ್ಕು ತಿಂಗಳು ನನ್ನತ್ತ ಬರಲಿಲ್ಲ. ಬಂದಾಗ ಎಡಗಾಲಿನ ಬೆರಳಿನಲ್ಲಿ ಹುಣ್ಣಾಗಿ ಕಪ್ಪಾಗಿತ್ತು. ನಡುವಿನ ಅವಧಿಯಲ್ಲಿ ಔಷಧ, ಪಥ್ಯ, ರಕ್ತಪರೀಕ್ಷೆ ಎಲ್ಲವನ್ನೂ ಬಿಟ್ಟಿದ್ದರು. ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಜೀವ ಉಳಿಯಿತು, ಬೆರಳು ಉಳಿಯಲಿಲ್ಲ. ಎರಡು ಹೋಳಿಗೆಯಿಂದ ಬೆರಳು ಹೋಗಲಿಲ್ಲ. ಹೋಳಿಗೆ ತಿಂದ ಮರುದಿನ ಅವರು ಕೇಳಿಸಿಕೊಂಡ ಮಾತಿಗೆ ಆ ನಷ್ಟದಲ್ಲಿ ಪಾಲಿದೆ ಎಂದು ನಾನು ಇಂದಿಗೂ ತಿಳಿದಿದ್ದೇನೆ. ಆದ್ದರಿಂದಲೇ ಈ ತಾಯಿ ತಲೆ ತಗ್ಗಿಸಿ ಕುಳಿತಾಗ, ಇದು ಸ್ವೆಟರಿನ ಮಾತಲ್ಲವೇ ಎಂದು ನಗಲು ನನ್ನಿಂದ ಸಾಧ್ಯವಾಗಲಿಲ್ಲ.

ಶಾಸ್ತ್ರ ಏನೆನ್ನುತ್ತದೆ?

ಚರಕಸಂಹಿತೆಯ ಶಾರೀರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಮನಸ್ಸಿನ ವಿಷಯಗಳನ್ನು ಹೆಸರಿಸಲಾಗಿದೆ. ಚಿಂತ್ಯ, ವಿಚಾರ್ಯ, ಊಹ್ಯ, ಧ್ಯೇಯ, ಸಂಕಲ್ಪ್ಯ ಎಂಬಿವು ಅವುಗಳಲ್ಲಿ ಮುಖ್ಯವಾದವು. ಚಿಂತಿಸುವುದು, ಗುಣದೋಷಗಳನ್ನು ತೂಗಿ ವಿಚಾರಿಸುವುದು, ಊಹಿಸುವುದು, ಧ್ಯಾನಿಸುವುದು, ಸಂಕಲ್ಪಿಸುವುದು ಎಂದು ಅರ್ಥ. ಸಂಕಲ್ಪವು ಈ ಪಟ್ಟಿಯಲ್ಲಿ ಒಂಟಿಯಾಗಿಲ್ಲ, ವಿಚಾರದ ಜೊತೆಯಲ್ಲಿದೆ. ವಿಚಾರವಿಲ್ಲದೆ ಮಾಡಿದ ಸಂಕಲ್ಪವೂ ದುರ್ಬಲ, ವಿಚಾರವಿಲ್ಲದೆ ಬಿಟ್ಟ ಸಂಕಲ್ಪವೂ ದೋಷಕರ.

ಅದೇ ಅಧ್ಯಾಯದಲ್ಲಿ ಪ್ರಜ್ಞಾಪರಾಧದ ವಿವೇಚನೆಯಿದೆ. ಧೀ ಎಂದರೆ ಹಿತಾಹಿತಗಳನ್ನು ಸರಿಯಾಗಿ ಅರಿಯುವ ಬುದ್ಧಿ. ಧೃತಿ ಎಂದರೆ ಅಹಿತದ ಕಡೆಗೆ ಹರಿಯುವ ಮನಸ್ಸನ್ನು ತಡೆದು ಹಿಡಿಯುವ ಶಕ್ತಿ. ಸ್ಮೃತಿ ಎಂದರೆ ತಿಳಿದದ್ದನ್ನು ಬೇಕಾದ ಹೊತ್ತಿಗೆ ನೆನಪಿಗೆ ತಂದುಕೊಳ್ಳುವುದು. ಈ ಮೂರೂ ಕೆಟ್ಟು ಮಾಡಿದ ಅಶುಭ ಕರ್ಮವೇ ಪ್ರಜ್ಞಾಪರಾಧ, ಅದೇ ಸರ್ವದೋಷಗಳ ಪ್ರಕೋಪಕ್ಕೆ ಮೂಲ.

ಈಗ ಆ ತಾಯಿಯ ನಡತೆಯನ್ನು ಈ ಮೂರರಿಂದ ಅಳೆದು ನೋಡೋಣ. ಹುಟ್ಟಲಿರುವ ಮಗುವಿಗೆ ಚಳಿಗಾಲದಲ್ಲಿ ಬೆಚ್ಚನೆಯ ಬಟ್ಟೆ ಬೇಕೆಂದು ಅರಿತದ್ದು ಧೀ ಕೆಟ್ಟಿತೆಂಬುದರ ಲಕ್ಷಣವಲ್ಲ. ಹೇಮಂತ ಶಿಶಿರ ಋತುಗಳಲ್ಲಿ ಶರೀರವನ್ನು ದಪ್ಪ ಹೊದಿಕೆಗಳಿಂದಲೂ ಕಂಬಳಿಗಳಿಂದಲೂ ಬೆಚ್ಚಗಿರಿಸಿಕೊಳ್ಳಬೇಕೆಂದು ಋತುಚರ್ಯೆಯೇ ವಿಧಿಸುತ್ತದೆ. ಒಂಬತ್ತು ತಿಂಗಳು ಅಂಗಡಿಯ ಬಾಗಿಲು ದಾಟದಿದ್ದವರಿಗೆ ಧೃತಿ ಇಲ್ಲವೆನ್ನುವುದೂ ನ್ಯಾಯವಲ್ಲ. ಸಂಕಲ್ಪವನ್ನು ಮರೆತರೇ? ಇಲ್ಲ, ಮರೆತಿದ್ದರೆ ನಿದ್ರೆ ಕೆಡುತ್ತಿರಲಿಲ್ಲ. ಹಾಗಾದರೆ ಹೊಸ ಸ್ವೆಟರ್ ತೊಡಗಿದ್ದು ಪ್ರಜ್ಞಾಪರಾಧವಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟದ್ದು ಮಾತ್ರ ನಿಸ್ಸಂದೇಹವಾಗಿ ಪ್ರಜ್ಞಾಪರಾಧ. ಅಲ್ಲಿ ಹಿತವನ್ನು ಅಹಿತವೆಂದೂ ಅಹಿತವನ್ನು ತಮಗೆ ತಕ್ಕ ಶಿಕ್ಷೆಯೆಂದೂ ಬುದ್ಧಿ ತಪ್ಪಾಗಿ ಗ್ರಹಿಸಿತು. ಆಕೆ ನೊಂದದ್ದು ಅಪರಾಧವಲ್ಲದ್ದಕ್ಕೆ. ಗಮನಿಸದೆ ಹೋದದ್ದು ನಿಜವಾದ ಅಪರಾಧವನ್ನು.

ಆಧುನಿಕ ಮನಶ್ಶಾಸ್ತ್ರವೂ ಈ ಸ್ವಭಾವವನ್ನು ಗುರುತಿಸಿದೆ. ಮದ್ಯವ್ಯಸನದಿಂದ ಬಿಡುಗಡೆ ಪಡೆದವರನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರು, ಒಂದು ಬಾರಿ ಜಾರಿದವನು ಪೂರ್ಣವಾಗಿ ಬೀಳುವುದಕ್ಕೆ ಆ ಒಂದು ಗುಟುಕಿಗಿಂತ “ನಾನು ಕೆಟ್ಟೆ, ಇನ್ನೇನು ಉಳಿಯಿತು” ಎಂಬ ಭಾವವೇ ಹೆಚ್ಚಿನ ಕಾರಣವೆಂದು ತೋರಿಸಿಕೊಟ್ಟರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಅಂದಾಜಾಯಿತು. ಮಧ್ಯಮ ಪ್ರಮಾಣ 66 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯೇನೂ ಆಗಲಿಲ್ಲ ಎಂಬುದು ನಮಗೆ ಇಲ್ಲಿ ಮುಖ್ಯ. ತಪ್ಪಿದ ದಿನಕ್ಕಿಂತ, ತಪ್ಪಿತೆಂದು ಕೈಚೆಲ್ಲಿದ ಮುಂದಿನ ದಿನಗಳೇ ಹಾನಿಕರ.

ನೇಯ್ಗೆಯ ಸಂಕಲ್ಪ, ಹೆಣಿಗೆಯ ಸಂಕಲ್ಪ

ಹಾಗೆಂದು, ಬೇಕಾದಾಗ ಸಂಕಲ್ಪ ಮಾಡಿ ಬೇಡವಾದಾಗ ಬಿಟ್ಟುಬಿಡಬಹುದೇ? ಖಂಡಿತ ಇಲ್ಲ. ಇಲ್ಲಿ ಒಂದು ಭೇದವನ್ನು ತಿಳಿಯಬೇಕು.

ನಮ್ಮ ಜಿಲ್ಲೆಯ ಶಿರಾ, ಪಾವಗಡದ ಕಡೆ ಕುರಿಯ ಉಣ್ಣೆಯ ಕಂಬಳಿ ನೇಯುವವರಿದ್ದಾರೆ. ನೂಲು ತೆಗೆದು, ಹಾಸು ಹೂಡಿ, ಹುಣಸೆಬೀಜದ ಸರಿ ಹಚ್ಚಿ ಒಣಗಿಸಿ, ಆಮೇಲೆ ಮಗ್ಗಕ್ಕೆ ಕೂರಿಸುತ್ತಾರೆ. ಒಬ್ಬರಲ್ಲ, ಮನೆಮಂದಿಯೆಲ್ಲ ಆ ಕೆಲಸದಲ್ಲಿ ತೊಡಗಿರುತ್ತಾರೆ. ಹಾಸು ಹೊಕ್ಕುಗಳೆಂಬ ಎರಡು ಬಗೆಯ ನೂಲು ಒಂದರೊಳಗೊಂದು ಸೇರಿದ ಮೇಲೆ ಅರ್ಧದಲ್ಲಿ ಕತ್ತರಿಸಿದರೆ ಕಂಬಳಿಯೂ ಇಲ್ಲ, ನೂಲೂ ಇಲ್ಲ. ಸ್ವೆಟರಿನ ಹೆಣಿಗೆ ಹಾಗಲ್ಲ. ಅದರಲ್ಲಿ ಇರುವುದು ಒಂದೇ ಎಳೆ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ. ಬೇಡವೆನಿಸಿದರೆ ತುದಿ ಹಿಡಿದು ಎಳೆದರಾಯಿತು, ಉಣ್ಣೆ ಪೂರ್ತಿಯಾಗಿ ಕೈಗೆ ಮರಳುತ್ತದೆ.

ನಮ್ಮ ಸಂಕಲ್ಪಗಳಲ್ಲಿಯೂ ಈ ಎರಡು ಬಗೆಗಳಿವೆ. ಮದ್ಯ, ತಂಬಾಕುಗಳನ್ನು ಬಿಡುವ ಸಂಕಲ್ಪ, ಮಧುಮೇಹಿಯ ಪಥ್ಯ, ಕ್ಷಯರೋಗಿಯು ಪೂರ್ಣಾವಧಿಯ ಔಷಧವನ್ನು ಮುಗಿಸುವ ನಿಯಮ, ಮಕ್ಕಳಿಗೆ ಕೊಟ್ಟ ಮಾತು, ತೀರಿಸಬೇಕಾದ ಸಾಲ, ಇವು ನೇಯ್ಗೆಯಂತಹವು. ಇನ್ನೊಬ್ಬರ ಬಾಳಿನ ಎಳೆ ಅಥವಾ ನಮ್ಮ ಪ್ರಾಣದ ಎಳೆ ಅವುಗಳಲ್ಲಿ ಹೊಕ್ಕಿರುತ್ತದೆ. ಅವುಗಳನ್ನು ಬಿಡುವಂತಿಲ್ಲ. ತಪ್ಪಿದರೆ ಅದೇ ದಿನ, ಅದೇ ಹೊತ್ತಿನಿಂದ ಮತ್ತೆ ಹಿಡಿಯಬೇಕು. ಈ ವರ್ಷ ಇಷ್ಟು ಪುಸ್ತಕ ಓದುತ್ತೇನೆ, ಈ ನಾಲ್ಕು ಹೆಣಿಗೆ ಮುಗಿಸಿಯೇ ಮುಂದಿನದು ಎಂಬಂತಹವು ಹೆಣಿಗೆಯ ಸಂಕಲ್ಪಗಳು. ಅವು ನಮ್ಮ ಒಳಿತಿಗಾಗಿ ನಾವೇ ಹಾಕಿಕೊಂಡ ಕ್ರಮ. ಸಂದರ್ಭ ಬದಲಾದರೆ ವಿಚಾರಮಾಡಿ ಬದಲಿಸಬಹುದು. ನೇಯ್ಗೆಯನ್ನು ಹೆಣಿಗೆಯೆಂದು ಭಾವಿಸಿದರೆ ಉದಾಸೀನ ಬರುತ್ತದೆ, ಹೆಣಿಗೆಯನ್ನು ನೇಯ್ಗೆಯೆಂದು ಭಾವಿಸಿದರೆ ವ್ಯರ್ಥ ಕ್ಲೇಶ ಬರುತ್ತದೆ.

ಆ ತಾಯಿಯ ಸಂಕಲ್ಪದ ಹಿಂದೆ ಒಳ್ಳೆಯ ಉದ್ದೇಶವೇ ಇತ್ತು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿ ಮಾರಯ್ಯನನ್ನು ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ತಿಳಿದಿದೆ. ಪೆಟ್ಟಿಗೆಯಲ್ಲಿ ಉಣ್ಣೆ ಕೊಳೆಯುತ್ತಿರುವಾಗ ಮತ್ತಷ್ಟು ಕೂಡಿಡಬಾರದೆಂಬ ಎಚ್ಚರ ಆ ಪರಂಪರೆಗೆ ಸೇರಿದ್ದು. ಆದರೆ ಲಕ್ಕಮ್ಮನ ಪ್ರಶ್ನೆ ಅಗತ್ಯವೆಷ್ಟು ಎಂಬುದು. ಹೊಸದನ್ನು ಮುಟ್ಟಲೇಬಾರದೆಂದು ಆಕೆ ಹೇಳಲಿಲ್ಲ.

ಬಿಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಹೆಣೆಯುವವರೆಲ್ಲರಿಗೂ ಒಂದು ಅನುಭವ ಉಂಟು. ಕಡ್ಡಿಗೆ ಮೊದಲ ಕುಣಿಕೆಗಳನ್ನು ಹಾಕುವಾಗ ಇರುವ ಉಲ್ಲಾಸ ಎರಡನೆಯ ತೋಳಿಗೆ ಬರುವ ಹೊತ್ತಿಗೆ ಇರುವುದಿಲ್ಲ. ಆರಂಭ ಯಾವಾಗಲೂ ಸಿಹಿ, ನಡುಭಾಗ ಸಪ್ಪೆ. ಆದ್ದರಿಂದ ಹೊಸದರ ಸೆಳೆತವೆಲ್ಲ ವಿವೇಕವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ಮಲಮೂತ್ರಾದಿ ವೇಗಗಳನ್ನು ತಡೆಯಬಾರದೆಂದೂ, ಲೋಭ, ಶೋಕ, ಭಯ, ಕ್ರೋಧ ಮೊದಲಾದ ಮನಸ್ಸಿನ ವೇಗಗಳನ್ನು ತಡೆಯಬೇಕೆಂದೂ ಹೇಳಿದೆ. ಅಂಗಡಿಯ ಬಣ್ಣದ ಉಂಡೆಗಳನ್ನು ಕಂಡಾಗ ಏಳುವ ಆಸೆಯೂ ಒಂದು ವೇಗವೇ. ಅದು ಲೋಭವೋ, ನಿಜವಾದ ಅಗತ್ಯವೋ ಎಂದು ತಿಳಿಯಲು ನಾನು ನನ್ನಲ್ಲಿಗೆ ಬರುವವರಿಗೆ ನಾಲ್ಕು ಪ್ರಶ್ನೆಗಳನ್ನು ಹೇಳುತ್ತೇನೆ.

ಒಂದು, ಈ ಹೊಸ ಕೆಲಸಕ್ಕೆ ಕಾಲದ ಒತ್ತಾಯವಿದೆಯೇ, ಅಥವಾ ಮೂರು ತಿಂಗಳ ನಂತರವೂ ಮಾಡಬಹುದೇ? ಮಾರ್ಗಶಿರದಲ್ಲಿ ಹುಟ್ಟುವ ಮಗು ಶಾಲು ಮುಗಿಯುವವರೆಗೆ ಕಾಯುವುದಿಲ್ಲ. ಎರಡು, ಹೊಸದು ಬೇಕೆನಿಸಿದ್ದು ಅದರ ಗುಣಕ್ಕಾಗಿಯೋ, ಹಳೆಯದರ ಬೇಸರಕ್ಕಾಗಿಯೋ? ಮೂರು, ಈ ಆಸೆ ಮೂರು ರಾತ್ರಿ ಮಲಗಿ ಎದ್ದ ಮೇಲೂ ಉಳಿದಿದೆಯೇ? ನಾಲ್ಕು, ಇದನ್ನು ಬಿಟ್ಟರೆ ಯಾರಿಗಾದರೂ ನಷ್ಟವಿದೆಯೇ?

ನಾಲ್ಕಕ್ಕೂ ಸಮಾಧಾನಕರ ಉತ್ತರ ಸಿಕ್ಕಿದರೆ ಹಳೆಯ ಸಂಕಲ್ಪವನ್ನು ಬದಲಿಸಲು ಅಂಜಬೇಕಾಗಿಲ್ಲ. ಆದರೆ ಕದ್ದು ಬದಲಿಸಬಾರದು. ಸಂಕಲ್ಪ ಮಾಡಿದ ಸ್ಥಳದಲ್ಲಿಯೇ ಕುಳಿತು, “ಇಂತಹ ಕಾರಣಕ್ಕೆ ಇದನ್ನು ಇಲ್ಲಿಗೆ ನಿಲ್ಲಿಸುತ್ತೇನೆ, ಇಂತಹುದನ್ನು ತೊಡಗುತ್ತೇನೆ” ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿ ಬಿಟ್ಟದ್ದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುವುದಿಲ್ಲ. ಆ ತಾಯಿ ಹೊಸ ಹೆಣಿಗೆಯನ್ನು ಮನೆಯವರಿಗೂ ಕಾಣದಂತೆ ರಾತ್ರಿ ಹನ್ನೊಂದರ ಮೇಲೆ ಮಂದ ಬೆಳಕಿನಲ್ಲಿ ಹೆಣೆಯುತ್ತಿದ್ದರು. ನಿದ್ರಾನಾಶಕ್ಕೂ ಕೈ ಜೋಮಿಗೂ ಅರ್ಧ ಕಾರಣ ಅಲ್ಲಿಯೇ ಇತ್ತು.

ಪಾದಾಂಶಿಕ ಕ್ರಮ

ಕೆಟ್ಟ ಅಭ್ಯಾಸವನ್ನು ಬಿಡುವುದಕ್ಕೂ ಒಳ್ಳೆಯದನ್ನು ಹಿಡಿಯುವುದಕ್ಕೂ ಆಯುರ್ವೇದ ಒಂದು ಸುಂದರವಾದ ಮಾರ್ಗವನ್ನು ತೋರಿಸಿದೆ. ಸೂತ್ರಸ್ಥಾನದ ಅದೇ 7ನೆಯ ಅಧ್ಯಾಯದಲ್ಲಿ ಬರುವ ಪಾದಾಂಶಿಕ ಕ್ರಮ ಅದು. ಪಾದವೆಂದರೆ ಕಾಲುಭಾಗ. ಅಹಿತವನ್ನು ಕಾಲುಭಾಗ ಕಳೆದು, ಹಿತವನ್ನು ಕಾಲುಭಾಗ ಸೇರಿಸಬೇಕು. ನಡುವೆ ಒಂದು ದಿನ, ಆಮೇಲೆ ಎರಡು ದಿನ, ಆಮೇಲೆ ಮೂರು ದಿನ ಎಂದು ಅಂತರ ಕೊಡುತ್ತ ಮುಂದುವರಿಯಬೇಕು. ಹೀಗೆ ಮೆಲ್ಲನೆ ಬಿಟ್ಟ ದೋಷ ಮರಳುವುದಿಲ್ಲ, ಮೆಲ್ಲನೆ ಪಡೆದ ಗುಣ ಅಲುಗುವುದಿಲ್ಲ ಎಂಬುದು ಆಚಾರ್ಯರ ಅಭಿಪ್ರಾಯ.

ಈ ಕ್ರಮವನ್ನೇ ಹೆಣಿಗೆಗೆ ಅನ್ವಯಿಸಿದೆವು. ವಾರದಲ್ಲಿ ನಾಲ್ಕು ಸಲ ಹೆಣೆಯಲು ಕೂರುವುದಾದರೆ ಮೂರು ಸಲ ಮಗುವಿನ ಸ್ವೆಟರಿಗೆ, ಒಂದು ಸಲ ಹಳೆಯದಕ್ಕೆ. ಮಗುವಿನದು ಮುಗಿದ ಮೇಲೆ ಎರಡು ಸಲ, ಮೂರು ಸಲ ಎಂದು ಹಳೆಯದರ ಪಾಲನ್ನು ಹೆಚ್ಚಿಸುವುದು. “ಎಲ್ಲವೂ ಇಲ್ಲವೇ ಏನೂ ಇಲ್ಲ” ಎಂಬ ಸಂಕಲ್ಪ ಒಂದೇ ಏಟಿಗೆ ಮುರಿಯುತ್ತದೆ. ಕಾಲುಭಾಗದ ಸಂಕಲ್ಪ ಬಾಗುತ್ತದೆ, ಮುರಿಯುವುದಿಲ್ಲ.

ಅರ್ಧಕ್ಕೆ ನಿಂತವುಗಳ ವಿಲೇವಾರಿಯೂ ಅಗತ್ಯ. ಮುಗಿಯದ ಕೆಲಸಗಳು ಮುಗಿದವುಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬ ವಿಚಾರವನ್ನು ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲಿಯೇ ಮುಂದಿಟ್ಟಿದ್ದರು. ಆದ್ದರಿಂದ ಒಂದೊಂದನ್ನೂ ಬೆಳಕಿಗೆ ತೆಗೆದು ಮೂರರಲ್ಲಿ ಒಂದು ನಿರ್ಣಯ ಮಾಡಬೇಕು: ಮುಗಿಸುವುದು, ಬಿಚ್ಚುವುದು, ಅಥವಾ ಮುಗಿಸಬಲ್ಲವರಿಗೆ ಕೊಟ್ಟುಬಿಡುವುದು. ಪಿಯುಸಿ ಹುಡುಗನ ಅಳತೆಗೆ ತೊಡಗಿದ ಸ್ವೆಟರ್ ಮುಗಿದರೂ ಈಗ ಮೂವತ್ತು ದಾಟಿದ ಮಗನ ಮೈಗೆ ಏರುವುದಿಲ್ಲ. ಅದಕ್ಕೆ ಈಗಾಗಲೇ ಇಷ್ಟು ಶ್ರಮ ಹಾಕಿದ್ದೇನೆ ಎಂಬ ಒಂದೇ ಕಾರಣಕ್ಕೆ ಇನ್ನಷ್ಟು ಶ್ರಮ ಹಾಕುವುದು ವಿವೇಕವಲ್ಲ.

ಬಿಚ್ಚುವಾಗ ಉಣ್ಣೆಯನ್ನು ಎಳೆದು ನೋಡಿ. ಹುಳು ತಿಂದಿದ್ದರೆ ಅಲ್ಲಲ್ಲಿ ತುಂಡಾಗುತ್ತದೆ. ಗಟ್ಟಿಯಾಗಿದ್ದರೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ತಿಕ್ಕದೆ ಹಿಂಡದೆ ನೆರಳಿನಲ್ಲಿ ತೂಗುಹಾಕಿ. ಒಣಗಿದಾಗ ಸುರುಳಿ ಬಿಟ್ಟು ನೇರವಾಗುತ್ತದೆ.

ಹೆಣೆಯುವವರ ಕೈ, ಕಣ್ಣು, ಕತ್ತು

ಹೆಣಿಗೆ ಮನಸ್ಸಿಗೆ ಹಿತವಾದ ಕಾಯಕ. ಬ್ರಿಟನ್ನಿನ ವೃತ್ತಿಚಿಕಿತ್ಸಾ ಪತ್ರಿಕೆಯೊಂದರಲ್ಲಿ 2013ರಲ್ಲಿ ಪ್ರಕಟವಾದ, ಹಲವು ದೇಶಗಳ 3,545 ಹೆಣೆಯುವವರ ಸಮೀಕ್ಷೆಯಲ್ಲಿ, ಹೆಚ್ಚು ಬಾರಿ ಹೆಣೆಯುವವರು ತಮಗೆ ಹೆಚ್ಚಿನ ಶಾಂತಿ ಸಂತೋಷಗಳು ಉಂಟಾಗುತ್ತವೆ ಎಂದು ತಿಳಿಸಿದ್ದಾರೆ. ಇದು ಅವರವರ ಅನಿಸಿಕೆಯೇ ಹೊರತು ರೋಗ ಗುಣವಾಯಿತೆಂಬ ಪ್ರಮಾಣವಲ್ಲ. ಅತಿಯಾದರೆ ಹೆಣಿಗೆಯೂ ನೋವನ್ನು ತರುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು, ರಾತ್ರಿ ಹೆಚ್ಚಾಗಿ, ಕೈ ಕೊಡವಿದರೆ ಕಡಿಮೆಯಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರವೊಂದು ಒತ್ತಿಕೊಳ್ಳುತ್ತಿದೆ ಎಂದು ಶಂಕಿಸಬೇಕು. ಮಧುಮೇಹ ಮತ್ತು ಥೈರಾಯ್ಡ್ ಕೊರತೆ ಇರುವವರಲ್ಲಿ ಇದು ಹೆಚ್ಚು. ಆದ್ದರಿಂದ ಆ ಎರಡರ ಪರೀಕ್ಷೆ ಆಗಬೇಕು. ಇಪ್ಪತ್ತು ನಿಮಿಷ ಹೆಣೆದರೆ ಐದು ನಿಮಿಷ ಕಡ್ಡಿಯನ್ನು ಕೆಳಗಿಟ್ಟು ಬೆರಳುಗಳನ್ನು ಬಿಚ್ಚಿ ಮುಚ್ಚಿ ಮಾಡಿ. ಮಣಿಕಟ್ಟನ್ನು ಮಡಿಸಿ ಹಿಡಿಯದೆ ನೇರವಾಗಿರಿಸಿ. ಹೆಣಿಗೆಯ ಭಾರವನ್ನು ಕೈಯಲ್ಲಿ ಹೊರದೆ ತೊಡೆಯ ಮೇಲೆ ಬಿಡಿ. ತೆಳುವಾದ ಲೋಹದ ಕಡ್ಡಿಗಿಂತ ಸ್ವಲ್ಪ ದಪ್ಪನೆಯ ಬಿದಿರಿನ ಕಡ್ಡಿ ವಯಸ್ಸಾದವರಿಗೆ ಅನುಕೂಲ. ಸ್ನಾನಕ್ಕೆ ಮೊದಲು ಉಗುರುಬೆಚ್ಚನೆಯ ಎಳ್ಳೆಣ್ಣೆಯಿಂದ ಮೊಣಕೈಯಿಂದ ಬೆರಳಿನ ತುದಿಯವರೆಗೆ ಮೃದುವಾಗಿ ಅಭ್ಯಂಗ ಮಾಡಿಕೊಳ್ಳಿ. ಕೆಲವು ವಾರಗಳಲ್ಲಿ ಕಡಿಮೆಯಾಗದಿದ್ದರೆ, ಹಿಡಿದ ವಸ್ತು ಜಾರಿ ಬೀಳುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸ ಸೊರಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಚಾಳೀಸು ಬಂದವರು ಕನ್ನಡಕವಿಲ್ಲದೆ ಹೆಣೆಯಬಾರದು. ಕಣ್ಣಿಗೆ ಕಾಣದಿದ್ದಾಗ ಕತ್ತು ಬಾಗುತ್ತದೆ, ಕತ್ತಿನ ನೋವು ಅಲ್ಲಿಂದ ಶುರುವಾಗುತ್ತದೆ. ಬೆಳಗಿನ ಬಿಸಿಲು ಬರುವ ಪಡಸಾಲೆಯೇ ಹೆಣಿಗೆಗೆ ಪ್ರಶಸ್ತವಾದ ಸ್ಥಳ.

ಎಳೆಗೂಸಿಗೆ ಹೆಣೆಯುವವರಿಗೆ ಎರಡು ಮಾತು. ತುಂಬು ತಿಂಗಳಿಗೆ ಹುಟ್ಟಿದ ಮಗುವಿನ ಎದೆಯ ಸುತ್ತಳತೆ ಸುಮಾರು 33 ಸೆಂಟಿಮೀಟರ್ ಇರುತ್ತದೆ. ಸ್ವೆಟರ್ 40 ಸೆಂಟಿಮೀಟರ್ ಇದ್ದರೆ ಸುಲಭವಾಗಿ ತೊಡಿಸಬಹುದು. ಮೊದಲು ಒಗೆದು, ಒಳಗೆ ಹತ್ತಿಯ ಜುಬ್ಬ ತೊಡಿಸಿ ಆಮೇಲೆ ಉಣ್ಣೆ ಹಾಕಬೇಕು. ಕುತ್ತಿಗೆಗೆ ಉದ್ದನೆಯ ದಾರ ಬೇಡ, ಸಡಿಲ ಗುಂಡಿ ಬೇಡ. ಮನೆಯೊಳಗೆ ಮಲಗಿಸುವಾಗ ಕುಲಾವಿಯನ್ನು ತೆಗೆಯಿರಿ. ಮಗುವಿನ ಎದೆ ಅಥವಾ ಕತ್ತಿನ ಹಿಂಭಾಗ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದು ತಿಳಿಯಬೇಕು.

ಮತ್ತೆ ಆ ತಾಯಿಯ ವಿಷಯ

ಅಂದು ನಾನು ಅವರಿಗೆ ಹೇಳಿದ್ದು ಇಷ್ಟು: “ತಾಯೀ, ಸ್ವೆಟರಿನ ಸಂಕಲ್ಪವನ್ನು ನೀವು ಬದಲಿಸಿದ್ದೀರಿ, ಅದರಲ್ಲಿ ತಪ್ಪಿಲ್ಲ. ಮಾತ್ರೆಯ ನಿಯಮವನ್ನು ಮುರಿದಿದ್ದೀರಿ, ಅದರಲ್ಲಿ ತಪ್ಪಿದೆ. ಮೊದಲನೆಯದಕ್ಕೆ ಅಳಬೇಡಿ, ಎರಡನೆಯದನ್ನು ಈ ಹೊತ್ತೇ ಸರಿಪಡಿಸಿ.” ಅವರಿಗೆ ಮಾತ್ರೆ ಬರೆದಿದ್ದ ವೈದ್ಯರ ಬಳಿಗೆ ಅಂದೇ ಕಳುಹಿಸಿದೆ. ಹಳೆಯ ಮಾತ್ರೆಯೇ ಮತ್ತೆ ಆರಂಭವಾಯಿತು. ರಾತ್ರಿಯ ಹೆಣಿಗೆ ನಿಂತಿತು; ಹಾಡುಹಗಲಿನಲ್ಲಿ ಎಲ್ಲರೆದುರು ಹೆಣೆಯತೊಡಗಿದರು. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲಿನ ಮುಂಜಾನೆಯ ನಡಿಗೆಯೂ ಮೊದಲು ವಾರಕ್ಕೆ ಎರಡು ದಿನ, ಆಮೇಲೆ ನಾಲ್ಕು ದಿನ ಎಂದು ಪಾದಾಂಶಿಕ ಕ್ರಮದಲ್ಲಿಯೇ ಮರಳಿತು.

ಪುಷ್ಯದಲ್ಲಿ ಅವರು ಮತ್ತೆ ಬಂದರು. ರಕ್ತದೊತ್ತಡ 134/82. ಕೈ ಜೋಮು ಬಹುಪಾಲು ಕಡಿಮೆಯಾಗಿತ್ತು. ಮೊಮ್ಮಗಳು ಹುಟ್ಟಿದ್ದಳು. ಹಳದಿ ಸ್ವೆಟರ್ ಮೂರು ದಿನ ಮೊದಲೇ ಮುಗಿದಿತ್ತಂತೆ. ಮಗನ ಹಳೆಯ ಸ್ವೆಟರನ್ನು ಬಿಚ್ಚಿ ಆ ನೀಲಿ ಉಣ್ಣೆಯಲ್ಲಿ ಆರು ತಿಂಗಳ ಅಳತೆಯ ಇನ್ನೊಂದನ್ನು ತೊಡಗಿದ್ದರು. ಬಿಚ್ಚುವಾಗ ಮಗನೇ ಎರಡೂ ಕೈ ಚಾಚಿ ಲಡಿ ಹಿಡಿದುಕೊಂಡು ಕುಳಿತಿದ್ದನಂತೆ. ಯಜಮಾನರ ಸ್ವೆಟರ್?

“ಅದು ಇನ್ನೂ ಬೆನ್ನಿನಲ್ಲೇ ಇದೆ ಡಾಕ್ಟ್ರೇ. ಅವರು ಕೇಳ್ತಾನೇ ಇರ್ತಾರೆ. ವಾರಕ್ಕೊಂದು ದಿನ ಅವರ ಪಾಲು.”

ಶರಣ ಬಂಧುಗಳೇ, ಈ ತಿಂಗಳು ನಿಮ್ಮ ಮನೆಯ ಮುರಿದ ಸಂಕಲ್ಪಗಳನ್ನೊಮ್ಮೆ ಎಣಿಸಿ ನೋಡಿ. ಅವುಗಳಲ್ಲಿ ನೇಯ್ಗೆಯವು ಯಾವುವು, ಹೆಣಿಗೆಯವು ಯಾವುವು ಎಂದು ಬೇರ್ಪಡಿಸಿ. ನೇಯ್ಗೆಯವನ್ನು ಇಂದೇ ಮತ್ತೆ ಹಿಡಿಯಿರಿ. ಹೆಣಿಗೆಯವನ್ನು ವಿಚಾರಿಸಿ ಮುಂದುವರಿಸಿ, ಇಲ್ಲವೇ ಹೇಳಿ ಬಿಡಿ. ಮನೆಯಲ್ಲಿ ಯಾರಾದರೂ, “ನಿಯಮ ತಪ್ಪಿದೆ” ಎಂದು ಬಂದು ಹೇಳಿಕೊಂಡರೆ, ನಾನು ಆ ರೈತರಿಗೆ ಆಡಿದ ಮಾತನ್ನು ನೀವು ಆಡಬೇಡಿ. “ಇವತ್ತಿನ ಮಾತ್ರೆ ತೆಗೆದುಕೊಂಡಿರಾ?” ಎಂದು ಮೊದಲು ಕೇಳಿ.